ಬೀಜದ ಪುಟವನ್ನು ಎಬ್ಬಿಸುವುದು

ಮಗಳು ಐದೂವರೆಯ ಕಂಪನಿ ಬಸ್ಸಿಗೆ ಹೊರಟ ಮೇಲೆ ಮನೆಯಲ್ಲಿ ಉಳಿಯುವವಳು ನಾನೊಬ್ಬಳೇ. ಹೊಸೂರಿನ ಆಲಸನತ್ತದ ಈ ಬಾಡಿಗೆ ಮನೆ ಎರಡನೇ ಮಹಡಿಯಲ್ಲಿದೆ. ಕೆಳಗಿನವರು ತಮಿಳು, ಎದುರಿನವರು ಹಿಂದಿ. ಪಕ್ಕದವರು ಬಂದು ಎರಡು ವರ್ಷವಾದರೂ ಅವರದು ಯಾವ ಮಾತೋ ತಿಳಿದಿಲ್ಲ, ಅವರ ಬಾಗಿಲು ತೆರೆದದ್ದನ್ನೇ ನಾನು ಕಂಡಿಲ್ಲ. ತಮಿಳು, ತೆಲುಗು ಎರಡೂ ನನಗೆ ಬರುತ್ತವೆ. ಮಾತು ಬಂದರೆ ಸಾಲದು, ಮಾತಾಡಿಸುವವರು ಬೇಕು.

ಮಾತಾಡಿಸುವವರು ನನಗೆ ಫೋನಿನಲ್ಲಿದ್ದರು. ಅದು ಹೇಗೆ ನಿಂತಿತು, ನಿಂತದ್ದನ್ನು ತಿರುಗಿ ಪಡೆಯಲು ನಾನು ಏನು ಮಾಡಿದೆ ಎಂಬುದನ್ನು ಬರೆಯುತ್ತಿದ್ದೇನೆ. ಒಳ್ಳೆಯದೇನೂ ಮಾಡಲಿಲ್ಲ.

ನಾನು ಹುಟ್ಟಿದ್ದು, ನನ್ನನ್ನು ಮದುವೆ ಮಾಡಿ ಕೊಟ್ಟದ್ದು ಎಲ್ಲ ಡೆಂಕಣಿಕೋಟೆಯ ಆಚೆಯ ಹಳ್ಳಿಗಳಲ್ಲಿ. ನಾಲ್ಕನೇ ತರಗತಿವರೆಗೆ ಕನ್ನಡ ಓದಿದೆ. ಆಮೇಲೆ ರಾಗಿ ಹೊಲ. ಗಂಡ ಹೋದ ಮೇಲೆ ಹೊಲವನ್ನು ಮೈದುನನಿಗೆ ಬಿಟ್ಟು ಮಗಳ ಮನೆಗೆ ಬಂದೆ. ಅಲ್ಲಿ ಯಾರೂ ಓಡಿಸಲಿಲ್ಲ, ಇಲ್ಲಿ ಯಾರೂ ಕರೆಯಲಿಲ್ಲ. ಮೊಣಕಾಲು ಹೋಗಿತ್ತು, ಬಂದೆ.

ನಮ್ಮ ಕಡೆ ಬಿತ್ತನೆ ಬೀಜವನ್ನು ಮಾರುವುದಿಲ್ಲ. ಇಲ್ಲದವರು ಇದ್ದವರ ಮನೆಯಿಂದ ತರುತ್ತಾರೆ. ಸುಗ್ಗಿಯಾದ ಮೇಲೆ, ತಂದದ್ದರ ಜೊತೆಗೆ ಒಂದು ಹಿಡಿ ಹೆಚ್ಚು ಹಾಕಿ ತಿರುಗಿಸಿ ಕೊಡುತ್ತಾರೆ. ಆದರೆ ಬೀಜ ಇಟ್ಟವಳು ತಾನಾಗಿ ‘ನನ್ನ ಹತ್ತಿರ ಇದೆ’ ಎನ್ನುವಂತಿಲ್ಲ. ಅಂದರೆ ಬೀಜಕ್ಕೆ ಕಣ್ಣು ತಾಗುತ್ತದೆ, ಹುಳು ಬೀಳುತ್ತದೆ ಎನ್ನುತ್ತಾರೆ. ಹುಳು ಹೇಳಿಕೇಳಿ ಬರುವುದಿಲ್ಲ, ಅದು ನನಗೂ ಗೊತ್ತು. ಆದರೂ ನಾನು ಒಂದು ದಿನವೂ ಹಾಗೆ ಅಂದವಳಲ್ಲ. ಬೀಜ ಇರುವ ಮನೆಯನ್ನು ಮೂರನೆಯವರು ಹೇಳಬೇಕು. ‘ಅವರ ಮನೆ ಮಡಕೆಯಲ್ಲಿ ನೋಡಿದೆ, ಹೋಗಿ ಕೇಳು’ ಅನ್ನಬೇಕು. ಸುತ್ತಿನ ಹತ್ತೂರಿಗೆ ಆ ಮೂರನೆಯವಳು ನಾನಾಗಿದ್ದೆ. ಯಾರ ಮನೆಯಲ್ಲಿ ಕರಿಕಡ್ಡಿ ರಾಗಿ, ಯಾರಲ್ಲಿ ಹುಚ್ಚೆಳ್ಳು, ಯಾವ ಅಟ್ಟದ ಮೇಲೆ ಬೂದಿ ಬೆರೆಸಿದ ತೊಗರಿ, ಎಲ್ಲ ನನ್ನ ತಲೆಯಲ್ಲಿತ್ತು. ಬೇರೇನೂ ಇರಲಿಲ್ಲ, ಅದಿತ್ತು.

ಹೊಸೂರಿಗೆ ಬಂದ ಮೇಲೂ ಜನ ಬಿಡಲಿಲ್ಲ. ಯುಗಾದಿ ಕಳೆದರೆ ಸಾಕು, ಫೋನು.

“ಅಜ್ಜೀ, ನಾನು ಕಣಜ್ಜಿ.”

“ನಾನು ಅಂದ್ರೆ ಯಾರ್ಲಾ? ಊರಾಗಿರೋರೆಲ್ಲ ನಾನೇ.”

“ಬಾವಿ ಮನೆಯವನು. ಸಾಮೆ ಬೇಕಿತ್ತು.”

“ಹೋದ ವರ್ಷ ಒಯ್ದಿದ್ದು ಏನ್ಮಾಡ್ದೆ? ಉಪ್ಪಿಟ್ಟು ಮಾಡ್ಕಂಡು ತಿಂದ್ಬುಟ್ಟಾ?”

“ಆನೆ ತಿಂತು ಕಣಜ್ಜಿ.”

“ಆನೆ ಮೇಲೆ ಹೇಳು, ಅದು ಬಂದು ಇಲ್ಲ ಅನ್ನಲ್ಲ.”

ಹೀಗೆ ಒಂದು ಸಾಮೆಗೆ ಅರ್ಧ ಗಂಟೆ. ಮನೆ ಹೇಳಿ, ಆ ಮನೆಯ ಸೊಸೆ ಹೆತ್ತಳೋ ಇಲ್ಲವೋ ಕೇಳಿ, ಬೈದು, ಇಟ್ಟುಬಿಡುತ್ತಿದ್ದೆ. ಮಳೆ ಹಿಡಿಯುವವರೆಗೆ ದಿನಕ್ಕೆ ಮೂರೋ ನಾಲ್ಕೋ ಬರುತ್ತಿದ್ದವು. ಉಳಿದ ತಿಂಗಳು ಅದನ್ನು ನೆನೆಸಿಕೊಂಡು ಕೂರುತ್ತಿದ್ದೆ.

ಮೊಮ್ಮಗಳು, ಅಂದರೆ ಇದೇ ಮಗಳ ಮಗಳು, ಕಂಪ್ಯೂಟರ್ ಓದಿದವಳು. ಕೃಷ್ಣಗಿರಿಯ ಒಂದು ಸಣ್ಣ ಆಫೀಸಿನಲ್ಲಿ ಕೆಲಸ, ಅಲ್ಲೇ ಹಾಸ್ಟೆಲು, ಶನಿವಾರ ಸಂಜೆ ಮನೆಗೆ ಬರುತ್ತಾಳೆ. ಬೇರೆಯವರು ಬರೆದ ಪುಟಗಳು ಕೆಟ್ಟರೆ ರಿಪೇರಿ ಮಾಡುವುದು ಅವಳ ಕೆಲಸ. ಹೋದ ಚೈತ್ರದಲ್ಲಿ ಒಂದು ಭಾನುವಾರ ನಾನು ಫೋನಿನಲ್ಲಿ ಯಾರನ್ನೋ ಬೈಯುತ್ತಿದ್ದಾಗ ಅವಳು ಗೋಡೆಗೆ ಒರಗಿ ಕೇಳುತ್ತಿದ್ದಳು. ನಾನು ಫೋನಿಟ್ಟ ಮೇಲೆ ಹೇಳಿದಳು:

“ಅಜ್ಜಿ, ಇದನ್ನೆಲ್ಲ ಒಂದು ಪುಟ ಮಾಡ್ತೀನಿ. ಯಾರಿಗೆ ಬೇಕೋ ಅವ್ರು ಫೋನ್‌ನಾಗೆ ನೋಡ್ಕಂತಾರೆ.”

“ನನ್ನ ಕೇಳಿದ್ರೆ ಆಗಲ್ವಾ?”

“ನೀನು ಮಲಗಿರ್ತೀಯ, ಸ್ನಾನಕ್ಕೆ ಹೋಗಿರ್ತೀಯ. ಪುಟ ಯಾವಾಗ್ಲೂ ಎದ್ದಿರ್ತದೆ.” ಮತ್ತೆ ಅಂದಳು, “ಮಂದೀದು ರಿಪೇರಿ ಮಾಡಿ ಮಾಡಿ ಸಾಕಾಗೈತೆ. ನಂದು ಅಂತ ಒಂದಾದ್ರೂ ಇಂಟರ್ನೆಟ್ಟಿಗೆ ಏರಿಸ್ಬೇಕು.”

ಸರಿ ಎಂದೆ. ಅವಳಿಗಾಗಿ ಅಂದೆ ಎಂದರೆ ಸುಳ್ಳಾಗುತ್ತದೆ. ಅವಳು ಕೇಳುತ್ತಾಳೆ, ನಾನು ಹೇಳಬಹುದು ಎಂದು ಸರಿ ಎಂದೆ.

ಮೂರು ಭಾನುವಾರ ಹೇಳಿದೆ. ಊರು, ಮನೆ, ಬೀಜ, ಅದರ ಬಣ್ಣ, ಯಾವ ಮಳೆಗೆ ಬಿತ್ತುವುದು. ಅವಳು ಟಕಟಕ ಒತ್ತುತ್ತಿದ್ದಳು. ನಡುವೆ ನಾನು ಜಗಳಗಳನ್ನೂ ಸೇರಿಸಿ ಹೇಳುತ್ತಿದ್ದೆ. ಅದನ್ನು ಅವಳು ಒತ್ತುತ್ತಿರಲಿಲ್ಲ, ನಗುತ್ತಿದ್ದಳು. ನಾಲ್ಕನೇ ಭಾನುವಾರ ಮಧ್ಯಾಹ್ನ ಏರಿಸುವ ಕೆಲಸಕ್ಕೆ ಕೂತಳು. ನಾನು ಪಕ್ಕದಲ್ಲಿ ರಾಗಿ ಮೊರಕ್ಕೆ ಹಾಕಿಕೊಂಡು ಕಲ್ಲು ಆರಿಸುತ್ತಿದ್ದೆ.

“ಎಲ್ಲಿಗೆ ಏರಿಸ್ತೀಯ?”

“ಈಗ ಇದು ನನ್ನ ಲ್ಯಾಪ್‌ಟಾಪ್‌ನಾಗೆ ಮಾತ್ರ ಓಡ್ತೈತೆ. ಮುಚ್ಚಿದ್ರೆ ಪುಟಾನೂ ಮುಚ್ಚೋಗ್ತದೆ. ಅದಕ್ಕೆ ಬೇರೆಯವರ ಕಂಪ್ಯೂಟರ್‌ನಾಗೆ ಬಾಡಿಗೆಗೆ ಇಡೋದು. ಕ್ಲೌಡ್ ಅಂತಾರೆ. ಸಣ್ಣದಕ್ಕೆ ಕಾಸು ಕೇಳಲ್ಲ.”

“ಯಾರ ಕಂಪ್ಯೂಟರು?”

“ಯಾರದೋ. ಎಲ್ಲೋ ಐತೆ.”

“ಎಲ್ಲೋ ಇರೋ ಯಾರದೋ ಮನೇಲಿ ನಮ್ಮ ಬೀಜ.”

“ಬೀಜ ಅಲ್ಲಜ್ಜಿ, ಬೀಜದ ಪಟ್ಟಿ.”

ಮೊದಲ ಸಲ ಏರಲಿಲ್ಲ. ಕಪ್ಪು ಪರದೆಯಲ್ಲಿ ಕೆಂಪು ಸಾಲುಗಳು ಬಂದವು. ಅವಳು ಪುಟ ಕಟ್ಟಲು ಏನೇನು ಸಾಮಾನು ಬಳಸಿದ್ದಳೋ ಅದರ ಚೀಟಿಯನ್ನು ಜೊತೆಗೆ ಕಳಿಸಬೇಕಿತ್ತಂತೆ, ಮರೆತಿದ್ದಳು. ಚೀಟಿ ಹಾಕಿದಳು. ಎರಡನೆಯ ಸಲ ಏರಿತು, ಆದರೆ ತೆರೆಯಲಿಲ್ಲ. ಯಾವ ವಿಳಾಸದಿಂದ ಬಂದವರಿಗೆ ಬಾಗಿಲು ತೆರೆಯಬೇಕು ಎಂದು ಬರೆದಿಡುವ ಒಂದು ಜಾಗವಿದೆ, ಅಲ್ಲಿ ಹೊಸ ವಿಳಾಸವಿರಲಿಲ್ಲ. ಅದನ್ನೂ ಬರೆದಳು. ಮೂರನೆಯ ಸಲ ತೆರೆಯಿತು. ಬಣ್ಣವಿಲ್ಲ, ಗೆರೆಯಿಲ್ಲ, ಬರೀ ಅಕ್ಷರ, ಗೋಡೆ ಮೇಲೆ ಬರೆದ ಹಾಗೆ.

“ಅಯ್ಯೋ, ಡಿಸೈನೆಲ್ಲ ಇಲ್ಲೇ ಉಳ್ಕಂಡೈತೆ” ಎಂದು ತಲೆ ಹಿಡಿದುಕೊಂಡಳು.

“ಇರ್ಲಿ ಬಿಡು. ಓದಕ್ಕೆ ಇದೇ ಚೆನ್ನಾಗೈತೆ.”

“ಅಜ್ಜಿ, ನೀನು ಸುಮ್ನೆ ರಾಗಿ ಆರಿಸು.”

ನಾಲ್ಕು ಗಂಟೆ ಹೊತ್ತಿಗೆ ಬಣ್ಣವೂ ಬಂತು. ನನ್ನ ಫೋನಿನಲ್ಲಿ ತೆಗೆದು ತೋರಿಸಿದಳು. ನಾನು ಬಾಯಲ್ಲಿ ಹೇಳಿದ್ದೆಲ್ಲ ಅಚ್ಚಿನ ಅಕ್ಷರದಲ್ಲಿ ಸಾಲಾಗಿ ನಿಂತಿತ್ತು. ಒಂದೊಂದೇ ಓದಿದೆ. ತಪ್ಪಿರಲಿಲ್ಲ. ಹಾಗೆ ಅಂದುಕೊಂಡೆ, ಇದ್ದದ್ದು ಆಮೇಲೆ ಗೊತ್ತಾಯಿತು.

ಕೆಳಗೆ ಒಂದು ಜಾಗ ಬಿಟ್ಟಿದ್ದಳು: ‘ನಿಮ್ಮ ಹತ್ತಿರ ಯಾವ ಬೀಜ ಇದೆ? ಇಲ್ಲಿ ಬರೆಯಿರಿ.’

ಎರಡು ವಾರವಾದರೂ ಒಬ್ಬರೂ ಬರೆಯಲಿಲ್ಲ. ಊರಿನ ಹೆಂಗಸರ ಗುಂಪುಗಳಿಗೆಲ್ಲ ಅವಳು ವಿಳಾಸ ಕಳಿಸಿದ್ದಳು. ನೋಡುತ್ತಿದ್ದರು, ಮುಚ್ಚುತ್ತಿದ್ದರು. ನನ್ನ ಫೋನು ಎಂದಿನಂತೆ ಬರುತ್ತಿತ್ತು. ಶನಿವಾರ ಬಂದವಳು ಲ್ಯಾಪ್‌ಟಾಪ್ ತೆರೆದು ಮುಖ ಸಣ್ಣಗೆ ಮಾಡಿಕೊಂಡು ಕೂತಳು. ಯಾಕೆ ಬರೆಯುತ್ತಿಲ್ಲ ಎಂದು ನನಗೆ ಮೊದಲ ದಿನವೇ ಗೊತ್ತಿತ್ತು. ಕೇಳಲಿ ಎಂದು ಸುಮ್ಮನಿದ್ದೆ.

“ಯಾಕಜ್ಜಿ ಯಾರೂ ಬರೆಯಲ್ಲ?”

“ನನ್ನ ಹತ್ರ ಐತೆ ಅಂತ ಯಾವಳು ಹೇಳ್ತಾಳೆ? ನಿನ್ನ ತಲೆ. ಪಕ್ಕದ ಮನೇಲಿ ಏನೈತೆ ಅಂತ ಕೇಳು, ಕೈ ನಿಲ್ಲಲ್ಲ ಅವರದು.”

ಅವಳು ಅಲ್ಲೇ ಕೂತು ತಿದ್ದಿದಳು: ‘ಯಾರ ಮನೆಯಲ್ಲಿ ಯಾವ ಬೀಜ ನೋಡಿದಿರಿ?’ ಮತ್ತೆ ಏರಿಸಿದಳು. ಈ ಸಲ ಒಂದೇ ಏಟಿಗೆ ಏರಿತು.

ನಾನೇ ಕೊಟ್ಟ ಬುದ್ಧಿ. ಒಂದು ವಾರದಲ್ಲಿ ನನ್ನ ಪಟ್ಟಿಗಿಂತ ಊರವರ ಪಟ್ಟಿ ಉದ್ದವಾಯಿತು. ನನಗೆ ಗೊತ್ತಿಲ್ಲದ ಮನೆಗಳು, ನನಗೆ ಗೊತ್ತಿಲ್ಲದ ಸೊಸೆಯರು, ನಾಟ್ರಾಂಪಾಳ್ಯದ ಬೆಟ್ಟದ ಕಡೆಯ ಸಾಮೆ, ನವಣೆ. ಹೊಲ ಕಾಯಲು ಅಟ್ಟಣೆ ಹತ್ತಿದವರೂ ಫೋನು ತಿಕ್ಕುತ್ತ ಬರೆದರು. ಮೊಮ್ಮಗಳು ಹಾಸ್ಟೆಲಿನಿಂದ ಫೋನು ಮಾಡಿ, “ನೋಡ್ದಾ ಅಜ್ಜಿ, ನೋಡ್ದಾ” ಎಂದಳು. ನೋಡಿದೆ ಎಂದೆ.

ನನ್ನ ಫೋನು ನಿಂತಿತು.

ಮೊದಲ ದಿನ ಚಾರ್ಜ್ ಇಲ್ಲವೇನೋ ಎಂದುಕೊಂಡೆ. ಎರಡನೆಯ ದಿನ ಮಗಳು ಕೆಲಸದಿಂದ ಬಂದಾಗ, ಅವಳ ಫೋನಿನಿಂದ ನನ್ನದಕ್ಕೆ ಮಾಡು ಎಂದೆ. ಮಾಡಿದಳು. ಬಂತು.

“ಕೆಟ್ಟಿಲ್ಲ ಕಣವ್ವ. ಯಾರೂ ಮಾಡಿಲ್ಲ, ಅಷ್ಟೆ” ಎಂದು ಹೇಳಿ ಸೀರೆ ಬದಲಿಸಲು ಹೋದಳು. ಅವಳು ಎಂಟು ಗಂಟೆ ನಿಂತು ಬಂದಿರುತ್ತಾಳೆ. ಅವಳ ಮೇಲೆ ನನಗೆ ದೂರಿಲ್ಲ.

ಆ ದಿನಗಳಲ್ಲಿ ಅನ್ನ ಬೆಂದ ಮೇಲೆ ಮಾಡಲು ಏನೂ ಇರುತ್ತಿರಲಿಲ್ಲ. ಆರಿಸಿದ ರಾಗಿಯನ್ನೇ ಮತ್ತೆ ಆರಿಸಿದೆ. ಟೆರೇಸಿಗೆ ಹೋಗಿ ಕೆಳಗಿನ ಬೀದಿ ನೋಡಿದೆ. ಪುಟ ತೆಗೆದು ಓದುವುದೊಂದೇ ಉಳಿದ ಕೆಲಸ. ಹಾಗೆ ಓದುವಾಗ, ನಾನು ಹೇಳಿದ ಒಂದು ಸಾಲಿನ ಕೆಳಗೆ ಯಾರೋ ಬರೆದದ್ದು ಕಂಡಿತು.

ನನ್ನ ಸಾಲು ಇದು: ಡೆಂಕಣಿಕೋಟೆಯಿಂದ ಎರಡು ಮೈಲಿ, ಕೆರೆ ಏರಿ ದಾಟಿದ ಕೂಡಲೇ ಹಂಚಿನ ಮನೆ, ಆ ಮನೆಯ ಮುದುಕಿಯ ಹತ್ತಿರ ಕೆಂಪಂಚಿನ ಚಪ್ಪರದವರೆ. ಚಪ್ಪರದವರೆ ಎಲ್ಲ ಕಡೆ ಇದೆ, ಕಾಯಿಯ ಅಂಚು ಕೆಂಪಗೆ ಇರುವುದು ಅಪರೂಪ. ಅದರ ಕೆಳಗೆ ಬರೆದಿತ್ತು: ‘ಈಗ ಆ ಮನೆಯಾಗಿಲ್ಲ. ಹೋಗ್ಬ್ಯಾಡಿ.’

ಹೊಟ್ಟೆ ಉರಿಯಿತು. ಅದನ್ನು ಬರೆದವಳು ಮುದುಕಿಯ ಬೇಲಿಯ ಆಚೆಯ ಮನೆಯವಳೇ ಎಂದು ನಿಶ್ಚಯ ಮಾಡಿಕೊಂಡೆ. ಆ ಎರಡು ಮನೆಗೂ ಬೇಲಿ ಜಗಳ ನಾನು ಮದುವೆಯಾಗಿ ಬಂದಾಗಿನಿಂದ ಇದೆ. ಜಗಳಕ್ಕೆ ಹೀಗೆ ಬರೆದಿದ್ದಾಳೆ, ನನ್ನ ಮಾತನ್ನೇ ಸುಳ್ಳು ಮಾಡಿದ್ದಾಳೆ. ಆ ಮುದುಕಿ ಬೀಜ ಬಿಡುವವಳಲ್ಲ.

ಜನ ಹೊಸದರಲ್ಲಿ ನೋಡಿದಷ್ಟು ಆಮೇಲೆ ನೋಡಲಿಲ್ಲ. ಒಂದು ಬೆಳಿಗ್ಗೆ ಪುಟ ತೆಗೆದರೆ ತೆರೆಯದು. ಸಣ್ಣ ಚಕ್ರ ಸುತ್ತುತ್ತಲೇ ಇತ್ತು. ಒಲೆ ಮೇಲಿನ ನೀರು ಕುದಿ ಬರುವಷ್ಟು ಹೊತ್ತಾದ ಮೇಲೆ ತೆರೆಯಿತು. ಊರವರು ಬರೆದದ್ದು ಒಂದೂ ಇರಲಿಲ್ಲ. ನವಣೆ ಇಲ್ಲ, ಬೆಟ್ಟದ ಸಾಮೆ ಇಲ್ಲ, ಹೊಸ ಸೊಸೆಯರು ಇಲ್ಲ. ನಾನು ಮೂರು ಭಾನುವಾರ ಹೇಳಿದ ಪಟ್ಟಿ ಮಾತ್ರ ಮೊದಲ ದಿನ ಇದ್ದ ಹಾಗೆ ನಿಂತಿತ್ತು. ‘ಹೋಗ್ಬ್ಯಾಡಿ’ ಎಂಬುದೂ ಇರಲಿಲ್ಲ.

ನನಗೆ ತಂಪಾಯಿತು. ಇದನ್ನು ಮುಚ್ಚಿಟ್ಟು ಬರೆಯುವುದರಲ್ಲಿ ಅರ್ಥವಿಲ್ಲ.

ಹನ್ನೊಂದು ಗಂಟೆಗೆ ಫೋನು ಬಂತು. ಯಾವುದೋ ಊರಿನ ಹೆಂಗಸು. “ಅಜ್ಜಿ, ಮೊನ್ನೆ ನವಣೆ ನೋಡಿದ್ದೆ ಕಣಜ್ಜಿ ಅದ್ರಾಗೆ. ಈಗ ಕಾಣ್ತಿಲ್ಲ. ನಿನಗೇನಾದ್ರೂ ಗೊತ್ತಾ?” ಗೊತ್ತಿತ್ತು, ಓದಿಕೊಂಡಿದ್ದೆನಲ್ಲ. ಹೇಳಿದೆ. ಅವಳ ಗಂಡನ ಬಗ್ಗೆ, ಅತ್ತೆಯ ಬಗ್ಗೆ ಕೇಳಿದೆ. ಮಧ್ಯಾಹ್ನ ಇನ್ನೊಂದು ಬಂತು. ಮಾರನೆಯ ದಿನ ಮೂರು. ಕೆಲವರು ಮತ್ತೆ ಬರೆಯುತ್ತಿದ್ದರು, ಪುಟ ಮತ್ತೆ ಕಳೆಯುತ್ತಿತ್ತು. ಆಮೇಲೆ ಬೇಸತ್ತು ಬರೆಯುವುದನ್ನು ಬಿಟ್ಟರು, ನನಗೆ ಫೋನು ಮಾಡಿದರು.

ಆ ಶನಿವಾರ ಮೊಮ್ಮಗಳು ಬರಲಿಲ್ಲ, ಆಫೀಸಿನಲ್ಲಿ ಏನೋ ಅವಸರ. ಫೋನು ಮಾಡಿದಳು.

“ಪುಟ ಹೆಂಗೈತಜ್ಜಿ? ನೋಡಕ್ಕೇ ಆಗಿಲ್ಲ ನಂಗೆ.”

“ಚೆನ್ನಾಗೈತೆ.”

“ಬರೀತಾವ್ರಾ?”

“ಹೂಂ.”

ಇಷ್ಟೇ. ಸುಳ್ಳು ಹೇಳಲು ಹೆಚ್ಚು ಮಾತು ಬೇಕಾಗಲಿಲ್ಲ.

ನಾಟ್ರಾಂಪಾಳ್ಯದ ಒಬ್ಬ ಹೆಂಗಸು ಫೋನು ಮಾಡಿದ್ದು ಅದರ ಮುಂದಿನ ಮಂಗಳವಾರ. ಆಕೆಗೆ ಐವತ್ತು ದಾಟಿರಬೇಕು. ಅವಳ ತವರು ಡೆಂಕಣಿಕೋಟೆ ಕಡೆ. ತವರಲ್ಲಿ ಕೆಂಪಂಚಿನ ಅವರೆ ಇತ್ತಂತೆ, ಅಮ್ಮನ ಕಾಲಕ್ಕೆ ಹೋಯಿತಂತೆ. ಮನೆ ಹಿಂದೆ ಹೊಸ ಚಪ್ಪರ ಹಾಕಿಸಿದ್ದಳು. ಆಷಾಢ ಬರುವ ಮೊದಲು ಅದೇ ಬೀಜ ಊರಬೇಕು ಎಂದು ಅವಳ ಹಟ.

“ಪುಟದಾಗೆ ಒಂದು ಮನೆ ತೋರಿಸ್ತೈತೆ. ಕೆರೆ ಏರಿ ಹಂಚಿನ ಮನೆ. ಹತ್ತು ದಿನದ ಕೆಳಗೆ ಅದ್ರ ಕೆಳಗೆ ಇಲ್ಲ ಅಂತ ಯಾರೋ ಬರೆದಂಗಿತ್ತು. ಈಗ ಅದು ಕಾಣ್ತಿಲ್ಲ. ಇದೆಯೋ ಇಲ್ಲವೋ?”

“ಕಾಣಲ್ಲ ಅಂದ ಮೇಲೆ ಅದು ಸುಳ್ಳು. ಬೇಲಿ ಮನೆಯವಳು ಜಗಳಕ್ಕೆ ಬರೆದಿರೋದು.”

“ಎರಡು ಬಸ್ಸು ಬದಲಾಯಿಸ್ಬೇಕು ಕಣಜ್ಜಿ. ಅಂಚೆಟ್ಟಿಗೆ ಬರೋ ಬಸ್ಸು ತಪ್ಪಿದ್ರೆ ದಿನಾನೇ ಹೋಯ್ತು. ಸರಿಯಾಗಿ ಹೇಳು.”

“ನಾನು ಹೇಳಿದ್ದು ಅಂದ ಮೇಲೆ ಐತೆ. ಹೋಗು.”

ಅವಳು ಗುರುವಾರ ಹೋದಳು. ಸಂಜೆ ನಾಲ್ಕಕ್ಕೆ ಡೆಂಕಣಿಕೋಟೆ ಬಸ್ ನಿಲ್ದಾಣದಿಂದ ಫೋನು ಮಾಡಿದಳು. ಹಿಂದೆ ಬಸ್ಸಿನ ಹಾರನ್ನು, ಕಡಲೆಕಾಯಿಯವನ ಕೂಗು.

“ಅಜ್ಜಿ, ಆ ಮುದುಕಮ್ಮ ಹೋಗಿ ಎರಡು ಮಳೆಗಾಲ ಆಯ್ತಂತೆ.”

ಕೈಯಲ್ಲಿದ್ದ ಮೊರ ಕೆಳಗಿಟ್ಟೆ.

“ಸೊಸೆ ಬೀಜವೆಲ್ಲ ಸಾರಿಗೆ ಹಾಕ್ಬುಟ್ಟವ್ಳೆ. ನಾನು ಬಾಗಿಲಾಗೆ ನಿಂತು ನಿಮ್ಮತ್ತೆ ಎಲ್ಲಿ ಅಂದೆ. ಆ ಹುಡುಗಿ ಗೋಡೆ ಮೇಲಿನ ಫೋಟೋ ತೋರಿಸ್ತು. ಹಾರ ಹಾಕೈತೆ. ಕೈಯಾಗೆ ಸಂಚಿ ಹಿಡ್ಕಂಡು ನಿಂತಿದೀನಿ ನಾನು, ಮಂಕಳಂಗೆ. ನಿನಗೆ ಗೊತ್ತಿರ್ಲಿಲ್ವಾ?”

“ಇಲ್ಲ.”

“ಬರೆದೋಳು ಬೇಲಿ ಮನೆಯವಳಲ್ಲ. ಆ ಸೊಸೆನೇ ಬರೆದಿದ್ದಂತೆ. ಜನ ಬಂದು ಬಂದು ಕೇಳ್ತಾರೆ, ಉತ್ತರ ಹೇಳಿ ಸಾಕಾಗಿ.”

“ಹೂಂ.”

“ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ಬೇಕು ಕಣಜ್ಜಿ. ಬಸ್ಸು ಬಂತು, ಇಡ್ತೀನಿ.”

ಅವಳು ಇಟ್ಟ ಮೇಲೂ ನಾನು ಫೋನನ್ನು ಕಿವಿಗೇ ಹಿಡಿದುಕೊಂಡಿದ್ದೆ. ಅವಳು ಬೈದದ್ದು ನನಗೆ ದೊಡ್ಡದಲ್ಲ. ಆ ಮುದುಕಿ ಮತ್ತು ನಾನು ಒಂದೇ ವರ್ಷ ಮದುವೆಯಾಗಿ ಬಂದವರು. ಅವಳ ಮನೆ ಅವರೆ ಬೀಜವನ್ನು ನಾನೇ ಎಷ್ಟೋ ಸಲ ತಂದು ತಿರುಗಿಸಿದ್ದೇನೆ. ಅವಳು ಸತ್ತ ಸುದ್ದಿ ಹೇಳಲು ಎರಡು ವರ್ಷದಲ್ಲಿ ಯಾರಿಗೂ ನನ್ನ ನೆನಪಾಗಲಿಲ್ಲ. ಬೀಜಕ್ಕೆ ಫೋನು ಮಾಡುತ್ತಿದ್ದವರು ಬೀಜಕ್ಕೆ ಮಾತ್ರ ಮಾಡುತ್ತಿದ್ದರು. ನಾನು ಸತ್ತವಳ ಮನೆಗೆ ಜನರನ್ನು ಕಳಿಸುತ್ತ ಇಲ್ಲಿ ಕೂತಿದ್ದೆ. ದಿನಾ ನಿದ್ದೆಯಿಂದೆದ್ದು ಹಳೆಯದನ್ನೇ ಹೇಳುವ ಪುಟ, ಅದರ ಹಿಂದೆ ನಾನು.

ಶನಿವಾರ ಮೊಮ್ಮಗಳು ಬಂದಳು. ಕಾಫಿ ಕೊಟ್ಟು ಹೇಳಿದೆ.

“ನಿನ್ನ ಪುಟ ಮಲಗ್ತೈತೆ. ಎದ್ದಾಗ ಊರೋರು ಬರೆದಿದ್ದೆಲ್ಲ ಹೋಗಿರ್ತದೆ.”

ಅವಳು ಲೋಟ ಕೆಳಗಿಟ್ಟು ಲ್ಯಾಪ್‌ಟಾಪ್ ತೆರೆದಳು. ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ತನ್ನ ಹಣೆಗೆ ತಾನೇ ಬಡಿದುಕೊಂಡಳು. ಕಾಸು ಕೊಡದೆ ಇರುವ ಜಾಗದಲ್ಲಿ, ಸ್ವಲ್ಪ ಹೊತ್ತು ಯಾರೂ ಬರದಿದ್ದರೆ ಅವರು ಪುಟವನ್ನು ಮಲಗಿಸಿಬಿಡುತ್ತಾರಂತೆ. ಯಾರಾದರೂ ಬಂದಾಗ ಮೊದಲು ಕಳಿಸಿದ ಗಂಟನ್ನು ಬಿಚ್ಚಿ ಹೊಸದಾಗಿ ಶುರು ಮಾಡುತ್ತಾರಂತೆ. ಊರವರು ಬರೆದದ್ದನ್ನು ಅವಳು ಅದೇ ಬಾಡಿಗೆ ಕಂಪ್ಯೂಟರಿನ ಒಳಗೇ ಉಳಿಸುತ್ತಿದ್ದಳು. ಬೇರೆ ಕಡೆ, ಬರೆದದ್ದನ್ನು ಕಾಯಲೆಂದೇ ಇರುವ ಒಂದು ಜಾಗದಲ್ಲಿ ಇಡಬೇಕಿತ್ತು.

“ಲ್ಯಾಪ್‌ಟಾಪ್‌ನಾಗೆ ಸರಿಯಾಗಿ ಉಳೀತಿತ್ತಲ್ಲ, ಅಲ್ಲೂ ಹಂಗೇ ಅಂದ್ಕಂಡೆ. ನಂದೇ ತಪ್ಪು” ಎಂದಳು. ಆಮೇಲೆ ತಲೆ ಎತ್ತಿದಳು. “ನಿನಗೆ ಯಾವಾಗ ಗೊತ್ತಾಯ್ತು?”

“ಒಂಬತ್ತು ದಿನ ಮೇಲಾಯ್ತು.”

“ನಾನು ಫೋನ್ ಮಾಡಿದ್ನಲ್ಲ, ಆಗ?”

“ಗೊತ್ತಿತ್ತು.”

“ಚೆನ್ನಾಗೈತೆ ಅಂದೆ.”

“ಅಂದೆ.”

“ಯಾಕಜ್ಜಿ?”

ಬೇಕಾದಷ್ಟು ಕಾರಣ ಹೇಳಬಹುದಿತ್ತು. “ಫೋನು ಬರ್ತಿತ್ತು” ಎಂದೆ.

ಅವಳಿಗೆ ಅರ್ಥವಾಗಲಿಲ್ಲ ಎಂದುಕೊಂಡೆ. ಆಗಿತ್ತು. ಕಿಟಕಿಯ ಕಡೆ ನೋಡುತ್ತ ಕೂತಳು. ಅವಳು ಬೈದಿದ್ದರೆ ನಾನೂ ಎರಡು ಮಾತು ಬೈದು ಮುಗಿಸುತ್ತಿದ್ದೆ. ಅವಳು ಬೈಯಲಿಲ್ಲ. “ನಾನು ಒಂದು ತಿಂಗಳು ಕೂತು ಮಾಡಿದ್ದಜ್ಜಿ ಅದು” ಎಂದಳು, ಅಷ್ಟೇ. ಮುದುಕಿ ಸತ್ತದ್ದು, ನಾಟ್ರಾಂಪಾಳ್ಯದವಳು ಖಾಲಿ ಸಂಚಿ ಹಿಡಿದು ಹೋದದ್ದು, ಅದನ್ನೂ ಹೇಳಿದೆ.

ಭಾನುವಾರ ಪೂರ್ತಿ ಕೂತು ಸರಿ ಮಾಡಿದಳು. ಪುಟ ಒಂದು ಕಡೆ, ಬರೆದದ್ದು ಇನ್ನೊಂದು ಕಡೆ. ಈಗ ಪುಟ ಸತ್ತು ಹುಟ್ಟಿದರೂ ಬರೆದದ್ದು ಉಳಿಯುತ್ತದೆ. ನಾನು ಪಕ್ಕದಲ್ಲಿ ಕೂರಲಿಲ್ಲ, ಅವಳೂ ಕರೆಯಲಿಲ್ಲ. ಸಂಜೆ ಬಸ್ಸಿಗೆ ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತ ಹೇಳಿದಳು:

“ಮಲಗೋದು ಮಾತ್ರ ನಿಲ್ಲಲ್ಲ, ಕಾಸು ಕೊಡೋವರೆಗೂ. ಬೆಳಿಗ್ಗೆ ಹೊತ್ತು ಜನ ನೋಡ್ತಾರೆ, ಚಕ್ರ ಸುತ್ತೋದ್ ನೋಡಿ ಮುಚ್ಚಿಬಿಡ್ತಾರೆ. ನೀನು ದಿನಾ ಏಳು ಗಂಟೆಗೆ ಒಂದ್ಸಲ ತೆಗೆದು ಎಬ್ಬಿಸಿಡು. ಆಗುತ್ತಾ?”

“ಆಗದೇ ಏನು? ಏಳು ಗಂಟೆಗೆ ನನಗೆ ಯಾವ ರಾಜ್ಯಭಾರ.”

ಅವಳು ಹೋದ ಮೇಲೆ ಕನ್ನಡಕ ಹಾಕಿಕೊಂಡು ಕೂತೆ. ನನ್ನ ಸಾಲಿನ ಕೆಳಗೆ ನಾನೇ ಬರೆದೆ: ‘ಆ ಮನೆಯಾಕೆ ತೀರಿಕೊಂಡಿದ್ದಾರೆ. ಬೀಜ ಅಲ್ಲಿಲ್ಲ. ಮೊದಲು ಹೇಳಿದವಳು ತಿಳಿಯದೆ ಹೇಳಿದ್ದಳು.’ ಇಷ್ಟನ್ನು ಒತ್ತಲು ಅರ್ಧ ಗಂಟೆ ಹಿಡಿಯಿತು. ಒತ್ತಕ್ಷರ ಎಲ್ಲಿದೆ ಎಂದು ಹುಡುಕಿ ಹುಡುಕಿ ಸಾಕಾಯಿತು. ಮಾರನೆಯ ಬೆಳಿಗ್ಗೆ ಏಳಕ್ಕೆ ಪುಟವನ್ನು ಎಬ್ಬಿಸಿದೆ. ಸಾಲು ಉಳಿದಿತ್ತು.

ಆ ವಾರವೇ ನನ್ನ ಟ್ರಂಕಿನ ತಳ ತಡಕಿದೆ. ಊರಿಂದ ತಂದು ಮರೆತೇಬಿಟ್ಟಿದ್ದ ಬಟ್ಟೆ ಗಂಟೊಂದರಲ್ಲಿ ಬೂದಿ ಬೆರೆಸಿದ ಬೀಜಗಳು ಉಳಿದಿದ್ದವು. ಕೆಂಪಂಚಿನ ಅವರೆ ಹನ್ನೊಂದು ಕಾಳು, ಆ ಮುದುಕಿಯ ಮನೆಯದೇ. ಐದು ವರ್ಷದ ಹಳೆಯದು. ಟೆರೇಸಿನಲ್ಲಿ ಮನೆ ಮಾಲೀಕರು ಬಿಟ್ಟುಹೋದ ಪೇಂಟ್ ಬಕೆಟ್ಟುಗಳಿದ್ದವು. ಮಣ್ಣು ತುಂಬಿ ಊರಿದೆ. ಪ್ರಾಯಶ್ಚಿತ್ತಕ್ಕಲ್ಲ. ಬಕೆಟ್ಟು ಖಾಲಿ ಇತ್ತು, ನನ್ನ ಕೈಯೂ ಖಾಲಿ ಇತ್ತು. ಮೂರು ಮೊಳೆತವು. ನೀರಿನ ಟ್ಯಾಂಕಿನ ಕಂಬಿಗೆ ಹಗ್ಗ ಕಟ್ಟಿ ಹಬ್ಬಿಸಿದೆ. ಯಾರಿಗೂ ಹೇಳಲಿಲ್ಲ, ಹೇಳುವ ಪದ್ಧತಿಯೂ ಇಲ್ಲ. ಮಗಳು ಬಟ್ಟೆ ಒಣಹಾಕಲು ಹೋದಾಗ ನೋಡಿ, “ಏನವ್ವ, ಕಾಡು ಮಾಡಿದೀಯ” ಎಂದಳು.

ಮಳೆಗಾಲ ಮುಗಿಯಿತು, ದೀಪಾವಳಿ ಆಯಿತು. ಫೋನು ಬರಲಿಲ್ಲ. ಊರವರು ಮತ್ತೆ ಬರೆದಿದ್ದರು, ಪುಟ ಚೆನ್ನಾಗಿ ನಡೆಯುತ್ತಿತ್ತು. ಮೊಮ್ಮಗಳು ಶನಿವಾರ ಬರುತ್ತಿದ್ದಳು, ಉಂಡು ಮಲಗುತ್ತಿದ್ದಳು, ಹೋಗುತ್ತಿದ್ದಳು. ಮೊದಲಿನ ಹಾಗೆ ಗೋಡೆಗೆ ಒರಗಿ ಕೂತು ಕೇಳಲು ನನ್ನ ಹತ್ತಿರ ಮಾತೇ ಇರಲಿಲ್ಲ.

ಪುಷ್ಯ ಮಾಸದ ಚಳಿಯಲ್ಲಿ ಒಂದು ದಿನ ಬಾಗಿಲು ತಟ್ಟಿದ ಸದ್ದು. ತೆರೆದರೆ ಗಟ್ಟಿಮುಟ್ಟಾದ ಹೆಂಗಸು, ಕೈಯಲ್ಲಿ ಆಸ್ಪತ್ರೆಯ ಚೀಟಿ.

“ನೀನೇನಾ ಬೀಜದಜ್ಜಿ? ನನ್ನ ಸತ್ತೋರ ಮನೆಗೆ ಕಳಿಸ್ದೋಳು?”

ದನಿಯಿಂದ ಗೊತ್ತಾಯಿತು. ನಾಟ್ರಾಂಪಾಳ್ಯದವಳು. ಹೊಸೂರಿಗೆ ಕಣ್ಣು ತೋರಿಸಲು ಬಂದಿದ್ದಳು. ಹಳ್ಳಿಯಲ್ಲಿ ಯಾರನ್ನೋ ಕೇಳಿ ಮನೆ ಹುಡುಕಿಕೊಂಡು ಬಂದಿದ್ದಳು.

“ನಾನೇ. ಬೈಯೋಕೆ ಬಂದ್ಯಾ?”

“ಫೋನ್‌ನಾಗೆ ಬೈದು ಆಗೈತೆ. ನೀರು ಕೊಡು.”

ನೀರು ಕೊಟ್ಟೆ. ಮುದ್ದೆ ಇತ್ತು, ಇಕ್ಕಿದೆ. ಉಂಡಳು. ಉಪ್ಪು ಕಮ್ಮಿ ಎಂದಳು. ಎರಡು ಗಂಟೆ ಕೂತಿದ್ದಳು. ಅವಳ ಚಪ್ಪರಕ್ಕೆ ಕೊನೆಗೆ ಹೀರೆ ಹಬ್ಬಿಸಿದಳಂತೆ. ಮುದುಕಿಯ ಬಗ್ಗೆ ಸೊಸೆ ಹೇಳಿದ್ದನ್ನೆಲ್ಲ ಹೇಳಿದಳು: ಎಷ್ಟು ದಿನ ಮಲಗಿದ್ದಳು, ಕೊನೆಗೆ ಏನು ಕೇಳಿದಳು. ಜನ್ಮವೆಲ್ಲ ಅವರೆ ಬೆಳೆದವಳು ಬಟಾಣಿ ಸಾರು ಕೇಳಿದಳಂತೆ. ಅವಳು ಹಾಗೇ.

ಹೋಗುವಾಗ ಅವಳನ್ನು ಟೆರೇಸಿಗೆ ಕರೆದುಕೊಂಡು ಹೋದೆ. ನಾನು ಏನೂ ಹೇಳಲಿಲ್ಲ. ಒಣಗಿದ ಕಾಯಿಗಳು ಟ್ಯಾಂಕಿನ ಸುತ್ತ ತೂಗುತ್ತಿದ್ದವು, ಅಂಚಿನ ಕೆಂಪು ಇನ್ನೂ ಕಾಣುತ್ತಿತ್ತು. ಅವಳು ಒಂದನ್ನು ಕಿತ್ತು ಸುಲಿದು ಅಂಗೈಯಲ್ಲಿ ಹಿಡಿದು ನೋಡಿದಳು.

“ಇಟ್ಕಂಡೇ ನನ್ನ ಅಲ್ಲಿಗೆ ಕಳಿಸ್ದಾ?”

“ಆಗ ಇರ್ಲಿಲ್ಲ.”

ನನ್ನ ಮುಖ ನೋಡಿದಳು. ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ಸೆರಗು ಒಡ್ಡಿದಳು. ಒಂದು ಹಿಡಿ ಹಾಕಿದೆ.

“ಬರೋ ವರ್ಷ ತಿರುಗಿಸ್ತೀನಿ” ಎಂದಳು.

“ಒಂದು ಹಿಡಿ ಹೆಚ್ಚು” ಎಂದೆ.

“ಗೊತ್ತು ಕಣಜ್ಜಿ. ಹೇಳ್ಕೊಡ್ಬ್ಯಾಡ.”

ಉಳಿದದ್ದನ್ನು ಬಿಡಿಸಿ, ಒಣಗಿಸಿ, ಬೂದಿ ಬೆರೆಸಿ ಗಂಟು ಕಟ್ಟಿದೆ. ಅದಾಗಿ ನಾಲ್ಕನೆಯ ದಿನವೋ ಐದನೆಯದೋ, ಏಳು ಗಂಟೆಗೆ ಪುಟ ಎಬ್ಬಿಸಿದೆ. ಚಕ್ರ ಸುತ್ತಿತು, ತೆರೆಯಿತು. ಎಲ್ಲಕ್ಕಿಂತ ಮೇಲೆ ಹೊಸ ಸಾಲು: ‘ಹೊಸೂರು, ಆಲಸನತ್ತಂ, ಎರಡನೇ ಮಹಡಿ, ಅಜ್ಜಿ ಮನೆ. ಕೆಂಪಂಚಿನ ಚಪ್ಪರದವರೆ. ನಾನೇ ನೋಡಿದೆ. ಹೋಗಿ ಕೇಳಿ.’

ಎರಡು ಸಲ ಓದಿದೆ. ಮೊಮ್ಮಗಳಿಗೆ ಹೇಳಲಿಲ್ಲ. ಪುಟ ಅವಳದು, ಅವಳೇ ಕಂಡುಕೊಳ್ಳಲಿ.

ಅದಾಗಿ ಎರಡು ತಿಂಗಳು. ಯಾರೂ ಬಂದಿಲ್ಲ. ಬಿತ್ತುವ ಕಾಲವಲ್ಲ, ಈಗ ಯಾಕೆ ಬರುತ್ತಾರೆ. ಬೀಜ ಸರಿಯಾಗಿ ಒಣಗಿದೆ, ಮುಂಗಾರಿನವರೆಗೆ ಕೆಡುವುದಿಲ್ಲ. ಗಂಟನ್ನು ಟ್ರಂಕಿನಿಂದ ತೆಗೆದು ಬಾಗಿಲ ಪಕ್ಕದ ಗೂಟಕ್ಕೆ ನೇತು ಹಾಕಿದ್ದೇನೆ. ಬೆಳಿಗ್ಗೆ ಏಳಕ್ಕೆ ಪುಟ ಎಬ್ಬಿಸುತ್ತೇನೆ, ಆ ಸಾಲು ಇದೆಯೋ ನೋಡುತ್ತೇನೆ, ಆಮೇಲೆ ಅನ್ನಕ್ಕೆ ಇಡುತ್ತೇನೆ.